ಕೈ ಚೆಂಡಿಗೆ ಹೋಯ್ತೋ, ಚೆಂಡು ಕೈಗೆ ಬಂತೋ

ಮಂಗಳೂರಿನ ಓದುಗರೊಬ್ಬರು ಎರಡೂ ಬದಿ ತುಂಬಿದ ನಾಲ್ಕು ಹಾಳೆಯ ಪತ್ರ ಕಳಿಸಿದ್ದಾರೆ. ಪೂರ್ತಿ ಹಾಕಿದರೆ ಈ ಸಲದ ಅಡುಗೆ ಪುಟ ಕೈಬಿಡಬೇಕಾಗುತ್ತದೆ, ಹಾಗಾಗಿ ಸಾರ ಮಾತ್ರ. ಅವರ ಬೀದಿಯ ಹುಡುಗರ ಟೀಮು ಮಳೆಗಾಲಕ್ಕೆ ಮುಂಚೆ ಒಂದು ಟೂರ್ನಿಯ ಫೈನಲ್ ಆಡಿತು. ಸ್ಕೋರು 0-0, ಮುಗಿಯಲು ಮೂರು ನಿಮಿಷ, ಎದುರಾಳಿಗೆ ಕಾರ್ನರ್. ಇವರ ಲೆಫ್ಟ್ ಬ್ಯಾಕ್ ಹುಡುಗ ಹೆಡ್ ಮಾಡಲು ಜಿಗಿದ, ಚೆಂಡು ಸಿಗಲಿಲ್ಲ. ಅವನ ಬೆನ್ನ ಹಿಂದೆ ಇದ್ದವನು ಹೆಡ್ ಮಾಡಿದ, ಅದು ಬಂದು ಇವನ ಎತ್ತಿದ ಕೈಗೆ ಬಡಿಯಿತು. "ಹ್ಯಾಂಡು, ಹ್ಯಾಂಡು" ಅಂತ ಅರ್ಧ ಮೈದಾನ ಕೂಗಿತು, ರೆಫ್ರಿ ಪೆನಾಲ್ಟಿ ಕೊಟ್ಟರು, ಕಪ್ ಹೋಯಿತು.

ಓದುಗರ ಪ್ರಶ್ನೆ ಅವರದೇ ಮಾತಿನಲ್ಲಿ: "ಹುಡುಗ ಚೆಂಡನ್ನು ನೋಡಲೇ ಇಲ್ಲ. ನೋಡದವನು ಬೇಕಂತ ಹೇಗೆ ಮುಟ್ಟುತ್ತಾನೆ? ಯೂರೋ ಕಪ್‌ನಲ್ಲಿ ಸ್ಪೇನಿನ ಕುಕುರೆಯಾ ಚೆಂಡಿಗೆ ಎದುರಾಗಿ ನಿಂತು ಕೈಯಲ್ಲಿ ತಡೆದ, ಅವನಿಗೆ ಏನೂ ಇಲ್ಲ. ನಮಗೆ ಮಾತ್ರ ಪೆನಾಲ್ಟಿಯಾ? ಇನ್ನು ಮೇಲೆ ಹುಡುಗರಿಗೆ ಕೈ ಹಿಂದೆ ಕಟ್ಟಿಕೊಂಡು ಆಡಿ ಅಂತ ಹೇಳಿಕೊಡಬೇಕಾ?" ಕೊನೆಗೆ ಇನ್ನೊಂದು ಸಾಲು: ಹ್ಯಾಂಡ್‌ಬಾಲ್ ನಿಯಮದಲ್ಲಿ "ಬೇಕಂತ" ಅನ್ನುವ ಮಾತು ಈಗಲೂ ಇದೆ ಅಂತ ಇವರು, ತೆಗೆದುಹಾಕಿದ್ದಾರೆ ಅಂತ ಇವರ ಭಾವ, ಇಡೀ ಟೀಮಿಗೆ ಬಿರಿಯಾನಿ ಕೊಡಿಸುವ ಪಂಥ.

ಸಾರ್, ನಮಸ್ಕಾರ.

ಕಹಿ ಮಾತು ಮೊದಲೇ ಹೇಳಿ ಮುಗಿಸುತ್ತೇನೆ. ನೀವು ಬರೆದಷ್ಟನ್ನೇ ನಂಬಿ ಹೇಳುವುದಾದರೆ ನಿಮ್ಮ ರೆಫ್ರಿ ಮಾಡಿದ್ದು ತಪ್ಪಲ್ಲ. ಹುಡುಗ ಬೇಕಂತ ಮಾಡಿಲ್ಲ ಅನ್ನುವುದು ನೂರಕ್ಕೆ ನೂರು ನಿಜ ಇರಬಹುದು. ಆದರೆ ರೆಫ್ರಿ ಉತ್ತರ ಹುಡುಕಬೇಕಾಗಿದ್ದದ್ದು ಆ ಪ್ರಶ್ನೆಗೆ ಅಲ್ಲ.

2019ರ ತನಕ ಅದೇ ಪ್ರಶ್ನೆ ಇತ್ತು. ಆಗಿನ ಪುಸ್ತಕದಲ್ಲಿ ಹ್ಯಾಂಡ್‌ಬಾಲ್ ಅಂದರೆ ಬೇಕೆಂದೇ ಕೈಯಿಂದ ಮುಟ್ಟುವುದು, ಅಷ್ಟೇ. ಕೈ ಚೆಂಡಿನ ಕಡೆ ಹೋಯ್ತಾ, ಚೆಂಡು ಎಷ್ಟು ಹತ್ತಿರದಿಂದ ಬಂತು, ಅನಿರೀಕ್ಷಿತವಾಗಿ ಬಂತಾ ಅಂತ ನೋಡಿ ಅಂದಾಜು ಮಾಡಿ ಅಂತ ರೆಫ್ರಿಗೆ ಬಿಟ್ಟಿದ್ದರು. ಕೇಳಲು ಚೆನ್ನಾಗಿದೆ. ಆದರೆ ಇನ್ನೊಬ್ಬನ ಮನಸ್ಸಿನಲ್ಲಿ ಏನಿತ್ತು ಅಂತ ಇಪ್ಪತ್ತು ಗಜ ದೂರದಿಂದ, ಆರು ಜನರ ತಲೆಗಳ ಸಂದಿಯಲ್ಲಿ ನೋಡಿ ಹೇಳಬೇಕು. ಮನೆಯಲ್ಲಿ ಲೋಟ ಒಡೆದ ಮಗು ಬೇಕಂತ ಒಡೆದಿದ್ದಾ ಅನ್ನುವುದನ್ನೇ ನಮಗೆ ಹೇಳಲು ಆಗುವುದಿಲ್ಲ, ಅಲ್ವಾ?

ಅದಕ್ಕೇ 2019ರಲ್ಲಿ ನಿಯಮ ಬರೆಯುವ ಐಎಫ್‌ಎಬಿಯವರು 12ನೇ ನಿಯಮದ ಈ ಭಾಗವನ್ನು ಬಿಚ್ಚಿ ಹೊಲಿದರು. ಬೇಕಂತ ಮುಟ್ಟಿದರೆ ತಪ್ಪು ಅನ್ನುವ ಮಾತು ಹಾಗೇ ಉಳಿಯಿತು. ಅದರ ಪಕ್ಕದಲ್ಲಿ ಇನ್ನೊಂದು ಬಂತು: ಕೈ ಇಟ್ಟ ರೀತಿಯಿಂದ ಮೈಯನ್ನು ಅಸಹಜವಾಗಿ ದೊಡ್ಡದು ಮಾಡಿಕೊಂಡಿದ್ದಾಗ ಚೆಂಡು ಆ ಕೈಗೆ ತಾಗಿದರೂ ತಪ್ಪು. ಇಲ್ಲಿ ಮನಸ್ಸಿನ ಲೆಕ್ಕ ಇಲ್ಲ, ಕೈ ಎಲ್ಲಿತ್ತು ಅನ್ನುವುದಷ್ಟೇ. 2021ರಲ್ಲಿ ಇದನ್ನು ಸ್ವಲ್ಪ ಮೆತ್ತಗೆ ಮಾಡಿದರು. ಆ ಕ್ಷಣದಲ್ಲಿ ಆ ಆಟಗಾರ ಮಾಡುತ್ತಿದ್ದ ಚಲನೆಗೆ ಕೈ ಅಲ್ಲಿರುವುದು ಸಹಜವಾ ಅಂತ ನೋಡಿ ಅಂದರು. ಓಡುವವನ ಕೈ ಬೀಸುತ್ತದೆ, ಜಿಗಿಯುವವನ ಕೈ ಮೇಲೇಳುತ್ತದೆ, ಅದು ತಪ್ಪಲ್ಲ. ಆದರೆ ಆ ಚಲನೆಗೆ ಬೇಕಾದದ್ದಕ್ಕಿಂತ ಜಾಸ್ತಿ ಚಾಚಿದ್ದರೆ, ಚೆಂಡು ತಾಗುವ ರಿಸ್ಕ್ ಅವನದೇ.

ಈಗ ನಿಮ್ಮ ಲೆಫ್ಟ್ ಬ್ಯಾಕ್. ಮೂರನೇ ಹಾಳೆಯಲ್ಲಿ ನೀವೇ ಪ್ರಾಮಾಣಿಕವಾಗಿ ಬರೆದಿದ್ದೀರಿ, ಕೈ "ತಲೆಗಿಂತ ಮೇಲಿತ್ತು, ಸ್ವಲ್ಪ ಪಕ್ಕಕ್ಕೆ" ಅಂತ. ನಿಮ್ಮನ್ನು ಮುಳುಗಿಸಿದ್ದು ಆ ಸಾಲೇ. ಇದೇ ಕತೆ 2020ರ ಸೆಪ್ಟೆಂಬರ್‌ನಲ್ಲಿ ಟಾಟನ್‌ಹ್ಯಾಮ್‌ನ ಎರಿಕ್ ಡೈಯರ್‌ಗೆ ಆಗಿತ್ತು. ನ್ಯೂಕ್ಯಾಸಲ್‌ನ ಆ್ಯಂಡಿ ಕ್ಯಾರಲ್ ತೀರಾ ಹತ್ತಿರದಿಂದ ಹೆಡ್ ಮಾಡಿದ. ಡೈಯರ್ ಚೆಂಡಿಗೆ ಬೆನ್ನು ಹಾಕಿ ಜಿಗಿದಿದ್ದ, ಕೈ ಗಾಳಿಯಲ್ಲಿತ್ತು. ಪಾಪ, ಚೆಂಡು ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ರೆಫ್ರಿ ಪಕ್ಕದ ಪರದೆಯಲ್ಲಿ ನೋಡಿ ಬಂದು ಪೆನಾಲ್ಟಿ ಕೊಟ್ಟರು. 97ನೇ ನಿಮಿಷದಲ್ಲಿ ಗೋಲು, ಆಟ 1-1. ಇಂಗ್ಲೆಂಡಿನಲ್ಲಿ ವಾರಗಟ್ಟಲೆ ಗಲಾಟೆ ನಡೆಯಿತು, ಪ್ರೀಮಿಯರ್ ಲೀಗ್‌ನವರು ಸ್ವಲ್ಪ ಸಡಿಲ ಮಾಡುತ್ತೇವೆ ಅಂದರು. ನಿಮ್ಮ ಹುಡುಗನನ್ನು ಇವತ್ತಿನ ಮಾತಿನಲ್ಲಿ ಅಳೆದರೆ ಒಬ್ಬ ರೆಫ್ರಿ ಬಿಡಬಹುದು, ಇನ್ನೊಬ್ಬರು ಊದಬಹುದು. ಊದಿದವರನ್ನು ನಾನು ಬೈಯಲಾರೆ.

ಕುಕುರೆಯಾ ವಿಷಯದಲ್ಲಿ ಮಾತ್ರ ನಿಮ್ಮ ಹೊಟ್ಟೆಕಿಚ್ಚು ಸರಿಯಾಗಿದೆ. 2024ರ ಜುಲೈ 5, ಸ್ಟುಟ್‌ಗಾರ್ಟ್, ಕ್ವಾರ್ಟರ್ ಫೈನಲ್, ಹೆಚ್ಚುವರಿ ಸಮಯ, 1-1. ಜರ್ಮನಿಯ ಮುಸಿಯಾಲಾ ಹೊಡೆದ ಚೆಂಡು ಗೋಲಿನ ಕಡೆಗೇ ಹೋಗುತ್ತಿತ್ತು, ಕುಕುರೆಯಾನ ಎಡಗೈಗೆ ತಾಗಿ ನಿಂತಿತು. ಕೈ ಕೆಳಗೇ ಇತ್ತು, ಮೈಯ ಕಡೆಗೇ ಬರುತ್ತಿತ್ತು ಅನ್ನುವ ಕಾರಣಕ್ಕೆ ರೆಫ್ರಿ ಆ್ಯಂಟನಿ ಟೇಲರ್ ಆಟ ಮುಂದುವರಿಸಿದರು. 119ನೇ ನಿಮಿಷದಲ್ಲಿ ಸ್ಪೇನಿನ ಮೆರಿನೊ ಗೋಲು ಹೊಡೆದ, ಜರ್ಮನಿ ಮನೆಗೆ ಹೋಯಿತು (ಮನೆಯಲ್ಲೇ ಇದ್ದರು ಅನ್ನಿ), ಸ್ಪೇನ್ ಕಪ್ ಎತ್ತಿತು. ಆಮೇಲೆ ಸೆಪ್ಟೆಂಬರ್‌ನಲ್ಲಿ ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯೂಯೆಫಾದ ರೆಫ್ರಿ ವಿಭಾಗದವರೇ ಅದು ಪೆನಾಲ್ಟಿ ಆಗಬೇಕಿತ್ತು ಅಂದ ಸುದ್ದಿ ಬಂತು. ಕೈ ಮೈಗೆ ಅಂಟಿಕೊಂಡಿರಲಿಲ್ಲ, ಗೋಲಿಗೆ ಹೋಗುವ ಹೊಡೆತವನ್ನು ತಡೆದಿದೆ, ಅಂಥದ್ದನ್ನು ಬಿಗಿಯಾಗಿ ನೋಡಬೇಕು ಅನ್ನುವುದು ಅವರ ವಾದ. ನೋಡಿ, ಅಲ್ಲೂ ಅವರು ಕುಕುರೆಯಾ ಬೇಕಂತ ಮಾಡಿದ ಅನ್ನಲಿಲ್ಲ.

ನಿಮ್ಮ ಪತ್ರದ ಅಸಲಿ ಸಿಟ್ಟು ಬೇರೆ ಕಡೆ ಇದೆ ಅಂತ ನನಗೆ ಅನಿಸುತ್ತದೆ. ಮುಗ್ಧನಿಗೂ ಕಳ್ಳನಿಗೂ ಒಂದೇ ಶಿಕ್ಷೆ ಯಾಕೆ ಅನ್ನುವ ಸಿಟ್ಟು. ಅದು ನನ್ನದೂ ಹೌದು, ಹಾಗಾಗಿ ಸ್ವಲ್ಪ ಹಳೆಯ ಕತೆ ಹೇಳುತ್ತೇನೆ.

1891ರ ಫೆಬ್ರವರಿ. ಇಂಗ್ಲೆಂಡಿನ ಎಫ್‌ಎ ಕಪ್‌ನಲ್ಲಿ ನಾಟ್ಸ್ ಕೌಂಟಿ ಮತ್ತು ಸ್ಟೋಕ್ ಆಟ. ಕೌಂಟಿ 1-0 ಮುಂದಿತ್ತು. ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ಕೌಂಟಿಯ ಡಿಫೆಂಡರ್ ಗೆರೆಯ ಮೇಲೆ ಕೈಯಲ್ಲಿ ತಡೆದುಬಿಟ್ಟ. ಆಗ ಪೆನಾಲ್ಟಿ ಅನ್ನುವುದೇ ಇರಲಿಲ್ಲ. ಸ್ಟೋಕ್‌ಗೆ ಸಿಕ್ಕಿದ್ದು ಗೆರೆಯ ಮುಂದೆಯೇ ಒಂದು ಫ್ರೀ ಕಿಕ್, ಕೀಪರ್ ಬಂದು ಚೆಂಡಿನ ಮುಂದೆಯೇ ನಿಂತುಕೊಂಡ, ಮುಗಿಯಿತು, ಕೌಂಟಿ ಗೆದ್ದಿತು. ಅದಕ್ಕೂ ಮೊದಲೇ ವಿಲಿಯಂ ಮೆಕ್ರಮ್ ಎಂಬ ಐರ್ಲೆಂಡಿನ ಗೋಲ್‌ಕೀಪರ್ ಪೆನಾಲ್ಟಿಯ ಯೋಚನೆ ಮುಂದಿಟ್ಟಿದ್ದ, ಸಭ್ಯರ ಆಟದಲ್ಲಿ ಇಂಥ ಮೋಸ ಯಾರು ಮಾಡುತ್ತಾರೆ ಅಂತ ಜನ ಮೂಗು ಮುರಿದಿದ್ದರು. ಅದೇ ವರ್ಷ ಜೂನ್‌ನಲ್ಲಿ ಪೆನಾಲ್ಟಿ ಪುಸ್ತಕಕ್ಕೆ ಸೇರಿತು.

119 ವರ್ಷ ಬಿಟ್ಟು ಜೊಹಾನ್ಸ್‌ಬರ್ಗ್. 2010ರ ಜುಲೈ 2, ವಿಶ್ವಕಪ್ ಕ್ವಾರ್ಟರ್ ಫೈನಲ್, ಘಾನಾ ಮತ್ತು ಉರುಗ್ವೆ, 1-1, ಹೆಚ್ಚುವರಿ ಸಮಯದ ಕೊನೆಯ ಉಸಿರು. ಘಾನಾದ ಅಡಿಯಾ ಹೆಡ್ ಮಾಡಿದ ಚೆಂಡು ಗೋಲಿನೊಳಗೆ ಹೋಗುತ್ತಿದೆ. ಗೆರೆಯ ಮೇಲೆ ನಿಂತಿದ್ದ ಉರುಗ್ವೆಯ ಸುವಾರೆಸ್ ವಾಲಿಬಾಲ್ ಆಡುವವನ ಹಾಗೆ ಎರಡೂ ಕೈಯಲ್ಲಿ ಹೊಡೆದು ಹೊರಗೆ ಹಾಕಿದ. ಬೇಕಂತ ಮಾಡಿದ್ದಾ ಅಂತ ಕೇಳಿದರೆ ಅವನೇ ನಗುತ್ತಾನೆ. ರೆಡ್ ಕಾರ್ಡ್, ಪೆನಾಲ್ಟಿ, ಎಲ್ಲ ಪುಸ್ತಕದ ಪ್ರಕಾರವೇ ಆಯಿತು. ಘಾನಾದ ಜ್ಯಾನ್ ಹೊಡೆದ ಚೆಂಡು ಮೇಲಿನ ಬಾರ್‌ಗೆ ಬಡಿದು ಹಾರಿತು, ಆಟಗಾರರು ಒಳಗೆ ಹೋಗುವ ಸುರಂಗದ ಬಾಯಲ್ಲಿ ನಿಂತಿದ್ದ ಸುವಾರೆಸ್ ಕುಣಿದ, ಶೂಟೌಟ್‌ನಲ್ಲಿ ಉರುಗ್ವೆ 4-2. ನಾನು ಆ ರಾತ್ರಿ ಟಿವಿ ಆಫ್ ಮಾಡಿ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ.

ಅದರ ಪಕ್ಕ 2019ರ ಚಾಂಪಿಯನ್ಸ್ ಲೀಗ್ ಫೈನಲ್ ಇಟ್ಟು ನೋಡಿ. ಮ್ಯಾಡ್ರಿಡ್‌ನಲ್ಲಿ ಆಟ ಶುರುವಾಗಿ ಅರ್ಧ ನಿಮಿಷವೂ ಆಗಿಲ್ಲ. ಟಾಟನ್‌ಹ್ಯಾಮ್‌ನ ಸಿಸೊಕೊ ಕೈ ಚಾಚಿ ತನ್ನವರಿಗೆ ಅಲ್ಲಿ ನಿಲ್ಲು ಅಂತ ತೋರಿಸುತ್ತಿದ್ದ. ಎದುರಾಳಿ ಲಿವರ್‌ಪೂಲ್‌ನ ಮಾನೆ ಕಳಿಸಿದ ಚೆಂಡು ಬಂದು ಅವನ ಎದೆಗೂ ಕೈಗೂ ತಾಗಿತು. ಚೆಂಡು ಗೋಲಿಗೆ ಹೋಗುತ್ತಿರಲಿಲ್ಲ. ಪೆನಾಲ್ಟಿ, ಸಲಾಹ್, 1-0, ಕೊನೆಗೆ 2-0. ಕಳ್ಳತನ ಮಾಡಿದವನು ಸೆಮಿಫೈನಲ್‌ಗೆ ಟೀಮನ್ನು ದಾಟಿಸಿದ, ದಾರಿ ತೋರಿಸುತ್ತಿದ್ದವನು ಕಪ್ ಕಳೆದ. ಎರಡಕ್ಕೂ ಒಂದೇ 11 ಮೀಟರ್ ಪೆನಾಲ್ಟಿ.

ನನ್ನ ತಕರಾರು ಇರುವುದು ಇಲ್ಲಿ. ತಪ್ಪು ಯಾವುದು ಅನ್ನುವ ಸಾಲನ್ನು ವರ್ಷವರ್ಷ ತಿದ್ದುತ್ತಾರೆ, ಪೆನಾಲ್ಟಿಯನ್ನು ಮಾತ್ರ ಮುಟ್ಟುವುದಿಲ್ಲ. ಬೇಕಂತ ಅಲ್ಲದ, ಗೋಲು ತಪ್ಪಿಸದ ಹ್ಯಾಂಡ್‌ಬಾಲ್‌ಗೆ ಬಾಕ್ಸ್ ಒಳಗೇ ಒಂದು ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲಿಗೆ ಹೊಡೆದರೆ ಲೆಕ್ಕಕ್ಕಿಲ್ಲ) ಕೊಟ್ಟರೆ ಅರ್ಧ ಜಗಳ ಅಲ್ಲೇ ಸಾಯುತ್ತದೆ ಅಂತ ನನ್ನ ಅನಿಸಿಕೆ. ಯಾರೂ ನನ್ನನ್ನು ಕೇಳಿಲ್ಲ, ಅದು ಬೇರೆ ಮಾತು.

ಇನ್ನು ಸ್ಲೋ ಮೋಷನ್. ನಿಮ್ಮ ಸ್ನೇಹಿತರು ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ನಿಧಾನ ಮಾಡಿ ಮಾಡಿ ನೋಡಿದೆವು ಅಂತ ಬರೆದಿದ್ದೀರಿ. ಹಾಗೆ ನೋಡಬೇಡಿ. ನಿಧಾನ ಮಾಡಿದರೆ ಯಾರ ಕೈಯಾದರೂ ಯೋಚನೆ ಮಾಡಿ ಹೋದ ಹಾಗೇ ಕಾಣುತ್ತದೆ. ವಿಎಆರ್, ಅಂದರೆ ವಿಡಿಯೋ ನೋಡಿ ರೆಫ್ರಿಗೆ ನೆರವಾಗುವ ವ್ಯವಸ್ಥೆ, ಅದರ ನಿಯಮಾವಳಿಯಲ್ಲೇ ಇದನ್ನು ಹೇಳಿದ್ದಾರೆ: ಚೆಂಡು ಎಲ್ಲಿ ತಾಗಿತು ಅಂತ ನೋಡಲು ನಿಧಾನ ಚಿತ್ರ ಇರಲಿ, ಅದು ಹ್ಯಾಂಡ್‌ಬಾಲ್ ತಪ್ಪು ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಮಾಮೂಲಿ ವೇಗದಲ್ಲೇ ನೋಡಬೇಕು. 2018ರ ವಿಶ್ವಕಪ್ ಫೈನಲ್‌ನಲ್ಲಿ ಕ್ರೊಯೇಷಿಯಾದ ಪೆರಿಸಿಚ್ ಕೈಗೆ ಚೆಂಡು ತಾಗಿದ್ದನ್ನು ರೆಫ್ರಿ ಪಿಟಾನಾ ಪರದೆಯ ಮುಂದೆ ನಿಂತು, ಹೊರಟು, ಮತ್ತೆ ವಾಪಸ್ ಬಂದು ನೋಡಿದ್ದು ನೆನಪಿದೆಯಾ? ಪೆರಿಸಿಚ್ ಮುಂದೆ ಫ್ರಾನ್ಸಿನ ಮಟುಯಿಡಿ ಜಿಗಿದಿದ್ದ, ಚೆಂಡು ಸಿಗಲಿಲ್ಲ, ಪೆರಿಸಿಚ್‌ಗೆ ಕಣ್ಣು ಮಿಟುಕಿಸುವಷ್ಟೂ ಸಮಯ ಇರಲಿಲ್ಲ. ಆದರೂ ಪೆನಾಲ್ಟಿ, ಗ್ರೀಜ್‌ಮನ್, 2-1.

ಚೆಂಡಿನೊಳಗೆ ಚಿಪ್ ಹಾಕಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. 2024ರ ಯೂರೋದ ಚೆಂಡಿನಲ್ಲಿ ಅದು ಇತ್ತು, ಸೆಕೆಂಡಿಗೆ 500 ಸಲ ಅಳೆಯುತ್ತಿತ್ತು. ಬೆಲ್ಜಿಯಂ ಮತ್ತು ಸ್ಲೊವಾಕಿಯಾ ಆಟದಲ್ಲಿ ಲುಕಾಕು ಹೊಡೆದ ಗೋಲನ್ನು ರದ್ದು ಮಾಡುವಾಗ, ಒಪೆಂಡಾನ ಕೈ ತಾಗಿದ ಕ್ಷಣ ಇಸಿಜಿ ಗೆರೆಯ ಹಾಗೆ ಟಿವಿಯಲ್ಲಿ ಎದ್ದು ಕಂಡಿತು. ತಾಗಿದ್ದು ಗೊತ್ತಾಯಿತು. ಬೇಕಂತ ತಾಗಿದ್ದಾ, ಕೈ ಅಲ್ಲಿರಬೇಕಿತ್ತಾ ಅನ್ನುವುದನ್ನು ಆಮೇಲೂ ಮನುಷ್ಯರೇ ಹೇಳಬೇಕಾಯಿತು. ನಮ್ಮ ದೇಶದ ಲೀಗ್ ಐಎಸ್‌ಎಲ್‌ನಲ್ಲಿ ವಿಎಆರ್ ಕೂಡ ಇಲ್ಲದೆ ರೆಫ್ರಿಗಳು ಒಂದೇ ನೋಟದಲ್ಲಿ ಹೇಳಿದ್ದಾರೆ. ನಿಮ್ಮ ಮೈದಾನದ ರೆಫ್ರಿಗೆ ಲೈನ್ಸ್‌ಮನ್ ಆದರೂ ಇದ್ದರೋ ಇಲ್ಲವೋ!

ಕೈ ಹಿಂದೆ ಕಟ್ಟಿಕೊಳ್ಳುವ ಪ್ರಶ್ನೆಗೆ ಒಂದು ಪ್ರಯೋಗವನ್ನೇ ಮಾಡಿದೆವು. ನಮ್ಮಲ್ಲಿ ಪುಟ ಕಟ್ಟುವ ಹುಡುಗ ಒಳ್ಳೆ ಎತ್ತರ, ವಾರಕ್ಕೊಮ್ಮೆ ಫುಟ್‌ಬಾಲ್ ಆಡುತ್ತಾನೆ. ಅವನನ್ನು ಪ್ಯಾಸೇಜಿನಲ್ಲಿ ನಿಲ್ಲಿಸಿ, ಹಳೆಯ ಪ್ರೂಫ್ ಹಾಳೆಗಳನ್ನು ಉಂಡೆ ಮಾಡಿ, ಎಸೆಯುತ್ತೇನೆ ಹೆಡ್ ಮಾಡು ಅಂದೆ. ಕೈ ಬೀಸಿ ಜಿಗಿದಾಗ ಅವನ ತಲೆ ಬಾಗಿಲ ಮೇಲಿನ ಕ್ಯಾಲೆಂಡರಿನ ಮೊಳೆ ಮುಟ್ಟಿತು. ಕೈ ಬೆನ್ನ ಹಿಂದೆ ಕಟ್ಟಿಸಿ ಜಿಗಿಸಿದೆ, ಕ್ಯಾಲೆಂಡರಿನ ದೇವರ ಪಾದಕ್ಕೇ ನಿಂತ, ಇಳಿಯುವಾಗ ಎಡವಿ ಗೋಡೆಗೆ ಒರಗಿದ. ಕಾಪಿ ನೋಡುವ ಮೇಡಂ ನಮ್ಮಿಬ್ಬರನ್ನೂ ಒಂದು ಥರಾ ನೋಡಿಕೊಂಡು ಹೋದರು. ಎದುರಾಳಿ ಹೊಡೆಯುವ ಕ್ಷಣದಲ್ಲಿ ಮುಂದೆ ನಿಂತು ತಡೆಯುವಾಗ ಕೈ ಹಿಂದೆ ಇಟ್ಟುಕೊಳ್ಳಲಿ, ದೊಡ್ಡ ಆಟಗಾರರೂ ಅದನ್ನೇ ಮಾಡುತ್ತಾರೆ. ಓಡುವಾಗ, ಜಿಗಿಯುವಾಗ ಬೇಡ. ಜಿಗಿಯುವುದಕ್ಕೆ ಕೈ ಬೀಸಲಿ, ಮೇಲೆ ಹೋದ ಮೇಲೆ ಮೊಣಕೈ ಮಡಚಿ ಎದೆಯ ಹತ್ತಿರ ತಂದುಕೊಳ್ಳುವುದನ್ನು ಅಭ್ಯಾಸ ಮಾಡಿಸಿ. ಹಾಗೇ, ಭುಜಕ್ಕೆ ತಾಗಿದರೆ ಹ್ಯಾಂಡ್ ಅಲ್ಲ ಅಂತಲೂ ಹೇಳಿಕೊಡಿ. ಕಂಕುಳಿನ ಕೆಳಗಿನ ಅಂಚಿನ ನೇರಕ್ಕೆ ಕೈ ಶುರು ಆಗುತ್ತದೆ, ಅದರ ಮೇಲಿನದು ಭುಜ.

ಇನ್ನು ಪಂಥ. "ಬೇಕಂತ" ಅನ್ನುವ ಮಾತು ನಿಯಮದಲ್ಲಿ ಈಗಲೂ ಇದೆ, ಮೊದಲ ಸಾಲಿನಲ್ಲೇ ಇದೆ. 2024ರಿಂದ ಅದಕ್ಕೆ ಇನ್ನೊಂದು ಕೆಲಸವೂ ಸಿಕ್ಕಿದೆ: ಗೋಲಿಗೆ ಹೋಗುವ ಚೆಂಡನ್ನು ತನ್ನ ಬಾಕ್ಸ್‌ನಲ್ಲಿ ಬೇಕಂತ ಕೈಯಲ್ಲಿ ತಡೆದರೆ ರೆಡ್ ಕಾರ್ಡ್, ಬೇಕಂತ ಅಲ್ಲದಿದ್ದರೆ ಪೆನಾಲ್ಟಿ ಮತ್ತು ಬರೀ ಯೆಲ್ಲೋ. ನಿಮ್ಮ ಹುಡುಗನಿಗೆ ರೆಡ್ ಕೊಟ್ಟಿಲ್ಲ ಅಂತ ನೀವೇ ಬರೆದಿದ್ದೀರಿ, ಆ ಹೆಡ್ ಗೋಲಿಗೇ ಹೋಗುತ್ತಿತ್ತು ಅಂತಾದರೆ ಆ ರೆಫ್ರಿ ಕೂಡ ಅವನು ಬೇಕಂತ ಮಾಡಿದ ಅಂತ ಅಂದುಕೊಂಡಿರಲಿಕ್ಕಿಲ್ಲ. ಅದನ್ನು ಅವನಿಗೆ ಹೇಳಿ. ಪೆನಾಲ್ಟಿ ನೀವು ಸೋತಿರಿ, ಬಿರಿಯಾನಿ ಭಾವನವರು ಸೋತರು. ಒಪ್ಪದಿದ್ದರೆ ಈ ಪುಟ ತೋರಿಸಿ.