ಕಥೆ ಹೇಳಿದರೆ ವಿಮರ್ಶೆಯಾಗದು

ಪ್ರಶ್ನೆ: ಬೆಂಗಳೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಆಂತರಿಕ ಪರೀಕ್ಷೆಯಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯ ಕುರಿತು, 'ನಾರಣಪ್ಪನ ಸಾವು ಅಗ್ರಹಾರದ ಟೊಳ್ಳುತನವನ್ನು ಬಯಲು ಮಾಡುತ್ತದೆ: ವಿಮರ್ಶಿಸಿ' ಎಂಬ ಪ್ರಶ್ನೆಯಿತ್ತು. ಏನನ್ನೂ ಬಿಡದೆ ಬರೆದರೂ ಅಂಕ ಕಡಿಮೆ ಬಂತು. 'ಬರೀ ಕಥಾಸಾರ' ಎಂದು ಅಧ್ಯಾಪಕರು ಷರಾ ಬರೆದಿದ್ದಾರೆ. ಹೇಗೆ ಬರೆಯಬೇಕಿತ್ತು?

ಉತ್ತರ: ಮೌಲ್ಯಮಾಪನ ಮಾಡುವವರಿಗೆ ಕಥೆ ಗೊತ್ತೇ ಇರುತ್ತದೆ, ನೀವು ಅದನ್ನು ಹೇಗೆ ಓದಿಕೊಂಡಿದ್ದೀರಿ ಎಂಬುದನ್ನು ಅವರು ಹುಡುಕುತ್ತಾರೆ. 'ವಿವರಿಸಿ' ಎಂದಿದ್ದರೆ ಹೇಳಿಕೆಯನ್ನು ಬಿಡಿಸಿ ಹೇಳಿದರೆ ಸಾಕು. 'ವಿಮರ್ಶಿಸಿ' ಎಂದಾಗ ಅದು ಎಷ್ಟರಮಟ್ಟಿಗೆ ನಿಜವೆಂದು ನಿರ್ಣಯಿಸುವ ಹೊಣೆ ನಿಮ್ಮದಾಗುತ್ತದೆ.

ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಶವಸಂಸ್ಕಾರವನ್ನು ಯಾರು ಮಾಡಬೇಕೆಂಬುದೇ ಅಗ್ರಹಾರದ ತೊಡಕು. ಅದರ ಖರ್ಚಿಗೆಂದು ಅವನ ಸಂಗಾತಿ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಮುಂದಿಡುವ ಸನ್ನಿವೇಶವನ್ನೇ ನೋಡಿ. ಅಲ್ಲಿಯವರೆಗೆ ಹಿಂಜರಿಯುತ್ತಿದ್ದ ಅಗ್ರಹಾರದ ಬ್ರಾಹ್ಮಣರಾದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ, ಚಿನ್ನ ಕಂಡೊಡನೆ, ಇನ್ನೊಬ್ಬನೆಲ್ಲಿ ಸಂಸ್ಕಾರ ಮಾಡಿ ಅದನ್ನು ಪಡೆದುಬಿಡುತ್ತಾನೋ ಎಂಬ ಆತಂಕ ಹತ್ತಿಕೊಳ್ಳುತ್ತದೆ. ಧರ್ಮದ ತೊಡಕು ಇದ್ದಲ್ಲೇ ಇದೆ, ಆದರೆ ಅದಕ್ಕೀಗ ಬೆಲೆ ಕಟ್ಟಿದಂತಾಗಿದೆ. ಈ ಒಂದು ಸನ್ನಿವೇಶವನ್ನು ಅರ್ಧ ಪುಟದಷ್ಟು ನಿಧಾನವಾಗಿ ಬಿಡಿಸಿ ಬರೆದರೆ ಹೇಳಿಕೆಗೆ ಬೇಕಾದ ಸಮರ್ಥನೆ ಸಿಕ್ಕೀತು. ಇಡೀ ಕಾದಂಬರಿಯ ಸಾರಾಂಶದಿಂದ ಅಷ್ಟು ಬಲ ಬಾರದು.

ಆದರೆ ಪ್ರಾಣೇಶಾಚಾರ್ಯರು ಈ ಲೆಕ್ಕಕ್ಕೆ ಸಿಗುವುದಿಲ್ಲ. ಗ್ರಂಥಗಳಲ್ಲಿ ಪರಿಹಾರ ಹುಡುಕಿ, ಕಾಣದೆ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುವ ಅವರ ಶ್ರದ್ಧೆ ನಿಜವಾದದ್ದು. ಅದು ಕುಸಿಯುವುದನ್ನು ಟೊಳ್ಳುತನವೆಂದು ಕರೆದರೆ ಕಾದಂಬರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹೀಗಾಗಿ, 'ಈ ಸಾವು ಅಗ್ರಹಾರದ ಲೋಭವನ್ನು ಬಯಲಿಗೆಳೆಯುತ್ತದೆ, ಆಚಾರ್ಯರ ವಿಷಯದಲ್ಲಾದರೋ ಪ್ರಾಮಾಣಿಕ ನಂಬಿಕೆಯನ್ನೇ ಪರೀಕ್ಷೆಗೊಡ್ಡುತ್ತದೆ' ಎಂಬಂಥ ವಾಕ್ಯವೊಂದು ಮೊದಲ ಪ್ಯಾರಾದಲ್ಲೇ ಇರಬೇಕಿತ್ತು. ನೀವು ಇದನ್ನು ಒಪ್ಪದೆಯೂ ಇರಬಹುದು. ಸನ್ನಿವೇಶಗಳ ಆಧಾರವಿದ್ದರೆ ವಿರುದ್ಧ ನಿಲುವಿಗೂ ಅಷ್ಟೇ ಬೆಲೆಯಿದೆ.

ಲೇಖಕರ ಪರಿಚಯ, 1965ರಲ್ಲಿ ಪ್ರಕಟವಾಯಿತೆಂಬ ಮಾಹಿತಿ, ನವ್ಯ ಸಾಹಿತ್ಯ ಚಳವಳಿಯ ಹಿನ್ನೆಲೆ, ಇವು ವಾದಕ್ಕೆ ಒದಗಿದರೆ ಮಾತ್ರ ಬರಲಿ. ವಿಮರ್ಶಕರ ಮಾತುಗಳನ್ನು ಬಾಯಿಪಾಠ ಮಾಡಿ ಜೋಡಿಸುವುದೂ ಬೇಡ.

ಅಭ್ಯಾಸಕ್ಕೆ ಪೂರ್ತಿ ಪ್ರಬಂಧಗಳನ್ನು ಬರೆಯುತ್ತ ಕೂರಬೇಕಿಲ್ಲ. ಕಾಲೇಜು ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೇಳಿ ಪಡೆದು, ಪ್ರತಿ ಪ್ರಶ್ನೆಗೂ ನಿಮ್ಮ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರ ಕೆಳಗೆ ಅದನ್ನು ಪುಷ್ಟೀಕರಿಸುವ ಒಂದು ಸನ್ನಿವೇಶವನ್ನೂ, ಅದಕ್ಕೆ ತೊಡಕಾಗುವ ಇನ್ನೊಂದನ್ನೂ ಗುರುತಿಸಿ ಅಧ್ಯಾಪಕರಿಗೆ ತೋರಿಸಿ.