ತೊಟ್ಟಿ ತುಂಬಿದ ಮೇಲೆ?

ಓದುಗರೊಬ್ಬರ ಪತ್ರ: ‘ಚಾವಣಿಯ ಮಳೆನೀರನ್ನು 5,000 ಲೀಟರಿನ ತೊಟ್ಟಿಯಲ್ಲಿ ಹಿಡಿಯುತ್ತಿದ್ದೇನೆ. ಎಲ್ಲರೂ ಹೀಗೆ ಮಾಡಿದರೆ, ಬಿಸಿಲಿಗೆ ಆರಿಹೋಗುವ ಕೆರೆಗಳು ಏಕೆ ಬೇಕು?’

ನಿಮ್ಮ ತೊಟ್ಟಿಗೆ ನನ್ನ ತಕರಾರಿಲ್ಲ. ಮುಚ್ಚಿದ ತೊಟ್ಟಿಯಲ್ಲಿ ನೀರು ಆವಿಯಾಗುವುದಿಲ್ಲ, ಬೆಳಕು ಬೀಳದ ಕಾರಣ ಪಾಚಿ ಕಟ್ಟುವುದಿಲ್ಲ. ಒಪ್ಪಿದೆ. ಆದರೆ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಚಾವಣಿಗೆ 50 ಮಿಲಿಮೀಟರ್ ಸುರಿದರೆ ಒಂದೇ ರಾತ್ರಿಯಲ್ಲಿ ನಿಮ್ಮ ತೊಟ್ಟಿ ತುಂಬಿತು. ಮರುದಿನದ ಮಳೆ ಎಲ್ಲಿಗೆ ಹೋಯಿತು? ಚರಂಡಿಗೆ.

ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಕೆರೆಯ ಶಾಸನವೊಂದಿದೆ. ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆ ಅದು. ದಿನವೂ 1,000 ಆಳುಗಳು ಎರಡು ವರ್ಷ ದುಡಿದರು, ಕಲ್ಲು ಹೊರಲು 100 ಬಂಡಿಗಳಿದ್ದವು. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆ ಕೆಡಿಸುವ 6 ದೋಷಗಳನ್ನೂ ಶಾಸನ ಎಣಿಸುತ್ತದೆ. ಹರವು ಹೆಚ್ಚಿ ನೀರು ಕಡಿಮೆಯಾಗುವುದು ಒಂದು ದೋಷ, ನೀರು ಹೆಚ್ಚಿ ಜಾಗ ಸಾಲದಿರುವುದು ಇನ್ನೊಂದು. ಮೊದಲನೆಯದು ನಿಮ್ಮ ದೂರು. ಎರಡನೆಯದು ನಿಮ್ಮ ತೊಟ್ಟಿ.

ಕೆರೆಯ ನೀರೆಲ್ಲ ಬಿಸಿಲಿನ ಪಾಲಲ್ಲ, ಸ್ವಾಮಿ. ನೆಲಕ್ಕಿಳಿದದ್ದು ಸುತ್ತಲಿನ ಬಾವಿಗಳಲ್ಲಿ ಮೇಲೇರುತ್ತದೆ. ತಳದ ಹೂಳು ಹೊಲಕ್ಕೆ ಗೊಬ್ಬರ.

ಆ ಹೂಳೆತ್ತಿಬಿಟ್ಟರೆ ಕೆರೆ ಉದ್ಧಾರವಾಯಿತು ಎಂಬ ಭ್ರಮೆ ಈಗ ಎಲ್ಲೆಡೆ. ಅಂಥ ಒಂದು ಕೆರೆಯನ್ನು ಮಳೆಗಾಲದ ಕೊನೆಗೆ ನೋಡಲು ಹೋಗಿದ್ದೆ. ಏರಿಗೆ ಕಲ್ಲು ಹೊದಿಸಿದ್ದರು, ಸುತ್ತ ಬೇಲಿ, ಕೂರಲು ಬೆಂಚು; ತಳದಲ್ಲಿ ಮಾತ್ರ ಬಿರುಕು ಬಿಟ್ಟ ಮಣ್ಣು. ನೀರು ತರುವ ಕಾಲುವೆಯನ್ನು ಹುಡುಕುತ್ತ ಮೇಲಕ್ಕೆ ನಡೆದರೆ, ಅರ್ಧ ಮೈಲಿಯೊಳಗೆ ಅದು ಮನೆಗಳ ಅಡಿಗೆ ಸೇರಿಹೋಗಿತ್ತು. ಲಕ್ಷಗಟ್ಟಲೆ ಖರ್ಚು ಮಾಡಿದವರಲ್ಲಿ ಒಬ್ಬರೂ ಆ ಅರ್ಧ ಮೈಲಿ ನಡೆದಿರಲಿಲ್ಲ! ಹೊಲಕ್ಕೆ ನೀರು ಬಿಡುವ ತೂಬು ಎತ್ತಿ ಇಳಿಸಿ, ತುಂಬಿದ ಕೆರೆ ಹರಿದುಹೋಗುವ ಕೋಡಿ ಕಾಯುತ್ತಿದ್ದ ನೀರುಗಂಟಿ ಇದ್ದಿದ್ದರೆ ಮೊದಲ ಇಟ್ಟಿಗೆ ಬಿದ್ದ ದಿನವೇ ಊರನ್ನು ಎಬ್ಬಿಸುತ್ತಿದ್ದ. ಆ ಕೆಲಸವನ್ನೇ ಇಲ್ಲವಾಗಿಸಿ, ಈಗ ಬೆಂಚು ಹಾಕುತ್ತಿದ್ದೇವೆ.

ನೀವು ಮಳೆಯನ್ನು ಲೀಟರಿನಲ್ಲಿ ಅಳೆಯುವವರು, ಅಂಥವರು ವಿರಳ. ಅದಕ್ಕೇ ಕೇಳುತ್ತಿದ್ದೇನೆ: ಮುಂದಿನ ದೊಡ್ಡ ಮಳೆಗೆ ಕೊಡೆ ಹಿಡಿದು, ನಿಮ್ಮ ತೊಟ್ಟಿಯಿಂದ ಉಕ್ಕಿದ ನೀರಿನ ಹಿಂದೆ ನಡೆಯಿರಿ. ಅದು ಯಾವ ಕೆರೆಗೆ ಹೊರಟಿತ್ತು, ಎಲ್ಲಿ ದಾರಿ ತಪ್ಪಿತು, ಬರೆದು ಕಳುಹಿಸಿ. ಪೂರ್ತಿ ಅಚ್ಚು ಹಾಕುತ್ತೇನೆ.