ಓದುಗರ ಪ್ರಶ್ನೆ: ಡರ್ಬನ್‌ನಲ್ಲಿ ಸಿಕ್ಕ ದಾಯಾದಿ

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ, ಊರು ಹಾಸನದ ಕಡೆ. ಹುಟ್ಟುಹಬ್ಬಕ್ಕೆ ಮಗಳು ಡಿಎನ್‌ಎ ಕಿಟ್ ತಂದುಕೊಟ್ಟಳು, ಸುಮ್ನೆ ಉಗುಳಿ ಕಳಿಸಿದೆ. ಈಗ ದಕ್ಷಿಣ ಆಫ್ರಿಕಾದ ಡರ್ಬನ್‌ನ ಒಬ್ಬ ಹೆಂಗಸು ನನಗೆ ‘ಸೆಕೆಂಡ್ ಕಸಿನ್’ ಅಂತ ತೋರಿಸುತ್ತಿದೆ. ನಮ್ಮ ತಾತನ ಚಿಕ್ಕಪ್ಪ ಒಬ್ಬರಿದ್ದರಂತೆ. ತಾತ ಹುಟ್ಟುವ ಮೊದಲೇ ಮನೆಯಲ್ಲಿ ಜಗಳ ಆಡಿ ಹೋದವರು ತಿರುಗಿ ಬರಲಿಲ್ಲ. ಈಕೆ ಅವರ ಕಡೆಯವರೇ ಇರಬಹುದಾ? — ಒಬ್ಬ ಓದುಗರು

ಇರಬಹುದು. ಆದರೆ ಆ ‘ಸೆಕೆಂಡ್’ ಅನ್ನೋ ಮಾತನ್ನು ಈಗಲೇ ನಂಬಬೇಡಿ.

ಲೆಕ್ಕ ಹಾಕೋಣ. ಸೆಕೆಂಡ್ ಕಸಿನ್ ಅಂದರೆ ಇಬ್ಬರಿಗೂ ಮುತ್ತಜ್ಜ ಒಬ್ಬರೇ. ನಿಮ್ಮ ತಾತನ ಚಿಕ್ಕಪ್ಪ ಅಂದರೆ ನಿಮ್ಮ ಮುತ್ತಜ್ಜನ ತಮ್ಮ. ಅವರ ಮರಿಮೊಮ್ಮಗಳು ನಿಮಗೆ ಇನ್ನೊಂದು ತಲೆಮಾರು ದೂರ, ಥರ್ಡ್ ಕಸಿನ್ ಆಗಬೇಕು. ಸೆಕೆಂಡ್ ಕಸಿನ್‌ಗಳ ನಡುವೆ ಸುಮಾರು 3 ಪರ್ಸೆಂಟ್ ಡಿಎನ್‌ಎ ಒಂದೇ ಇರುತ್ತದೆ. ಥರ್ಡ್ ಅಂದರೆ 1 ಪರ್ಸೆಂಟಿಗಿಂತ ಕಡಿಮೆ, ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದದೇ ಇರೋದೂ ಉಂಟು. ಹಾಗಾದರೆ ನಿಮ್ಮದು ಯಾಕೆ ಜಾಸ್ತಿ ಬಂತು?

ನಮ್ಮ ಮದುವೆಗಳಿಂದ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡೋದು, ಅತ್ತೆ ಮಗನಿಗೆ ಮಾವನ ಮಗಳನ್ನು ತರೋದು ನಮ್ಮಲ್ಲಿ ಮೊನ್ನೆಮೊನ್ನೆವರೆಗೂ ಮಾಮೂಲು. ಅಕ್ಕನ ಮಗಳನ್ನು ಕಟ್ಟಿಕೊಂಡರೆ ಗಂಡನ ಅಪ್ಪ-ಅಮ್ಮನೇ ಹೆಂಡತಿಗೆ ಅಜ್ಜ-ಅಜ್ಜಿ, ಅಂದರೆ ಹುಟ್ಟೋ ಮಗುವಿಗೆ ಒಂದೇ ಜೋಡಿ ಎರಡು ದಾರಿಯಲ್ಲಿ ಹಿರಿಯರಾಗುತ್ತಾರೆ. ಇದರ ಮೇಲೆ ಜಾತಿಯೊಳಗೇ ನೂರಾರು ವರ್ಷದ ಕೊಡು-ಕೊಳ್ಳು ಬೇರೆ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವಶಾಸ್ತ್ರ ಸಂಸ್ಥೆ ಮತ್ತು ಹಾರ್ವರ್ಡ್‌ನ ವಿಜ್ಞಾನಿಗಳು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರೀಕ್ಷಿಸಿದಾಗ, ಕೆಲವೇ ಹಿರಿಯರಿಂದ ಇಡೀ ಸಮುದಾಯ ಬೆಳೆದ ಗುರುತು 81ರಲ್ಲಿ, ಇದಕ್ಕೇ ಹೆಸರಾದ ಫಿನ್‌ಲೆಂಡಿನವರಿಗಿಂತ, ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತ ಗಟ್ಟಿಯಾಗಿ ಕಂಡಿತ್ತು. ಕಿಟ್ ಮಾರೋ ಕಂಪನಿಗಳ ಗಿರಾಕಿಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ. ನಮ್ಮ ಅತ್ತೆ-ಮಾವಂದಿರ ಗೋಜಲು ಆ ಲೆಕ್ಕಕ್ಕೆ ಸರಿಯಾಗಿ ಹತ್ತೋದಿಲ್ಲ. ಹಾಗಾಗಿ ಪಟ್ಟಿಯಲ್ಲಿ ‘ಸೆಕೆಂಡ್’ ಅಂತಿದ್ದರೆ ಥರ್ಡ್, ಫೋರ್ತ್ ಎರಡಕ್ಕೂ ಜಾಗ ಬಿಟ್ಟುಕೊಳ್ಳಿ. ಒಟ್ಟು ಪ್ರಮಾಣ ನೋಡೋದಕ್ಕಿಂತ, ಇಬ್ಬರಲ್ಲೂ ಹೊಂದುವ ಉದ್ದವಾದ ಒಂದೇ ತುಂಡು ಇದೆಯಾ ನೋಡಿ. ಉದ್ದ ತುಂಡಿದ್ದರೆ ಹತ್ತಿರದ ನಂಟು, ಬರೀ ಚಿಲ್ಲರೆ ತುಂಡುಗಳಾದರೆ ಜಾತಿಯ ಹಳೇ ನಂಟು, ಹೆಚ್ಚಿನ ಸಲ.

ಇನ್ನು ಕಾಗದ. ಇಲ್ಲಿ ನೀವು ಅದೃಷ್ಟವಂತರು. ಹಾಸನದಲ್ಲೇ ಉಳಿದವರ ಬಗ್ಗೆ ಇಲ್ಲದಷ್ಟು ವಿವರ ಹಡಗು ಹತ್ತಿದವರ ಬಗ್ಗೆ ಇದೆ! ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳನ್ನು ಹೊತ್ತ ಮೊದಲ ಹಡಗು ‘ಟ್ರೂರೋ’ ಮದ್ರಾಸಿನಿಂದ ಡರ್ಬನ್ ಮುಟ್ಟಿದ್ದು 1860ರ ನವೆಂಬರ್ 16ಕ್ಕೆ. 1911ರಲ್ಲಿ ಈ ಕರಾರಿನ ಸಾಗಾಟ ನಿಲ್ಲುವ ಹೊತ್ತಿಗೆ 1,52,184 ಜನ ಹೋಗಿದ್ದರು. ತಮಿಳರು, ತೆಲುಗರೇ ಜಾಸ್ತಿ, ಆದರೆ ಮೈಸೂರು, ಬೆಂಗಳೂರು ಅಂತ ಬರೆಸಿದವರೂ ಇದ್ದಾರೆ. ಹಡಗಿನ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಮೈಮೇಲಿನ ಗುರುತು ಕೂಡ ಇರುತ್ತದೆ. ಎಲ್ಲರಿಗೂ ಒಂದೊಂದು ಕಲೋನಿಯಲ್ ನಂಬರ್. ಈಗ ಆ ಹೆಂಗಸಿಗೆ ಬರೆಯಿರಿ, ಜಾತಕ ಕೇಳಬೇಡಿ, ‘ನಿಮ್ಮ ಹಿರಿಯರ ಕಲೋನಿಯಲ್ ನಂಬರ್ ಗೊತ್ತಾ’ ಅಂತ ಕೇಳಿ. ಅಲ್ಲಿನ ಹಳೇ ಮದುವೆ ಕಾಗದಗಳಲ್ಲಿ ಅದು ಸಿಗುವ ಸಂಭವ ಇದೆ. ನಂಬರ್ ಸಿಕ್ಕರೆ ಹಳ್ಳಿ ಸಿಕ್ಕ ಹಾಗೆ. ಆದರೆ ಹೆಸರನ್ನು ಕಣ್ಣಿನಿಂದ ಓದಬೇಡಿ, ಬಾಯಿಬಿಟ್ಟು ಓದಿ. ನಮ್ಮ ಊರುಗಳನ್ನು ಮದ್ರಾಸಿನ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ.

ಒಂದು ಮಾತು. ಅಪ್ಪನ ಹೆಸರು, ಹಳ್ಳಿ ಎರಡೂ ಕೂಡಿದರೆ ಮಾತ್ರ ಊರಿಗೆ ಫೋನ್ ಮಾಡಿ. ಇಲ್ಲದಿದ್ದರೆ ನಿಮ್ಮ ದೊಡ್ಡಪ್ಪನ ಮಕ್ಕಳು ‘ಆಫ್ರಿಕಾದಿಂದ ಜಮೀನಿಗೆ ಬಂದರು’ ಅಂದುಕೊಳ್ಳುತ್ತಾರೆ.

ಪ್ರಶ್ನೆ: ಜಮೀನಿನ ಮಾತು ಬಂದರೆ ನಮ್ಮ ಚಿಕ್ಕಪ್ಪನ ಮಗ ‘ಡಿಎನ್‌ಎ ಟೆಸ್ಟ್ ಮಾಡಿಸಿಕೊಂಡು ಬಾ, ಪಾಲು ಕೊಡ್ತೀನಿ’ ಅಂತಾನೆ. ಮಾಡಿಸಲಾ? — ತುಮಕೂರು

ಮನೆಗೆ ತರಿಸಿದ ಕಿಟ್ ಅಂತೂ ಇದಕ್ಕೆ ಬೇಡ. ಯಾರ ಉಗುಳು ಯಾವ ಸೀಸೆಗೆ ಹೋಯಿತು ಅನ್ನೋದಕ್ಕೇ ಅಲ್ಲಿ ಸಾಕ್ಷಿ ಇರೋದಿಲ್ಲ. ಮದುವೆಯಾದ ದಂಪತಿಗೆ ಹುಟ್ಟಿದ ಮಗು ಅವರದೇ ಅಂತ ಕಾನೂನೇ ಮೊದಲು ಒಪ್ಪಿಕೊಳ್ಳುತ್ತದೆ. ತೀರಾ ತಕರಾರಾದರೆ ಕೋರ್ಟೇ ಟೆಸ್ಟ್‌ಗೆ ಹೇಳಬೇಕು, ರಾಜಕಾರಣಿ ಎನ್.ಡಿ. ತಿವಾರಿ ಅವರ ಪಿತೃತ್ವದ ಕೇಸಿನಲ್ಲಿ 2012ರಲ್ಲಿ ಆದ ಹಾಗೆ. ನೀವು ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ, ಪಹಣಿ, ಮ್ಯುಟೇಷನ್ ಇಟ್ಟುಕೊಂಡು ವಕೀಲರನ್ನು ನೋಡಿ. ಅವನ ಮಾತಿಗೆಲ್ಲ ಉಗುಳಬೇಡಿ.

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಹಳೇ ಕಾಗದ ಸಿಕ್ಕಿವೆ. ಒಂದರ ಮೇಲೆ ‘ಆನಂದ ಸಂವತ್ಸರ’ ಅಂತ ಮಾತ್ರ ಇದೆ, ಇಸವಿ ಇಲ್ಲ. ಇನ್ನೆರಡು ಯಾವ ಲಿಪಿಯೋ ಗೊತ್ತಾಗುತ್ತಿಲ್ಲ, ಮರಾಠಿ ಓದೋ ಮೇಷ್ಟ್ರಿಗೂ ಬರಲಿಲ್ಲ. ಮನೆತನದ ಮರ ಬರೆಯಬೇಕು ಅಂತಿದ್ದೀನಿ. — ಧಾರವಾಡ ಜಿಲ್ಲೆ

ಇಂಥ ಪ್ರಶ್ನೆ ಬಂದರೆ ನನಗೆ ಖುಷಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆನಂದ ಬಂದಿದ್ದು 1854, 1914, 1974ರ ಯುಗಾದಿಗೆ. ಯಾವುದು ಅಂತ ತಿಳಿಯೋಕೆ ಛಾಪಾ ಕಾಗದದ ಮೇಲ್ಭಾಗ ನೋಡಿ. ಗಡ್ಡದ ರಾಜನ ತಲೆ ಇದ್ದರೆ 1914, ಸಿಂಹಗಳಿದ್ದರೆ 1974. ಶಕ ವರ್ಷ ಇದ್ದರೆ 78 ಕೂಡಿಸಿ. ಕಲಬುರಗಿ, ರಾಯಚೂರು ಕಡೆಯ ನಿಜಾಮರ ಕಾಲದ ಕಾಗದದಲ್ಲಾದರೆ ಫಸಲಿ ವರ್ಷ ಇರುತ್ತದೆ, ಅದಕ್ಕೆ 590.

ಓದೋಕೆ ಬಾರದ ಲಿಪಿ ಮೋಡಿ ಇರಬೇಕು, ಮರಾಠಿಯನ್ನು ಬರೆಯುತ್ತಿದ್ದ ಹಳೇ ಕೂಡುಬರಹ. ನಿಮ್ಮ ಕಡೆ ಕುಲಕರ್ಣಿ ಲೆಕ್ಕಗಳು ಅದರಲ್ಲಿದ್ದವು. ಮರಾಠಿ ಬಂದರೆ ಸಾಲದು, ಮೋಡಿಯನ್ನೇ ಕಲಿತವರು ಬೇಕು. ಮಡಿಕೆ ಬಿಚ್ಚುವಾಗ ಹುಷಾರು, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಫೋಟೋ ತೆಗೆದಿಡಿ.

ಕ್ರಯಪತ್ರ ಇದ್ದರೆ ಎಲ್ಲರೂ ಕೊಟ್ಟವರು-ಕೊಂಡವರ ಹೆಸರು ಓದಿ ಇಟ್ಟುಬಿಡುತ್ತಾರೆ. ನೀವು ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಇಂಥವರದು ಅಂತಿರುತ್ತದಲ್ಲ, ಅವರಲ್ಲಿ ಒಬ್ಬಿಬ್ಬರಾದರೂ ನಿಮ್ಮ ದಾಯಾದಿಗಳೇ ಇರುತ್ತಾರೆ, ಒಂದೇ ಹೊಲ ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಗಿರುತ್ತದೆ. ಅಜ್ಜನ ಹೆಸರೇ ಮೊಮ್ಮಗನಿಗೂ ಇಡೋ ಪದ್ಧತಿ ನೆನಪಿರಲಿ. ನಮ್ಮ ಮನೆಯಲ್ಲಿ ಇಬ್ಬರು ರಂಗಪ್ಪಂದಿರನ್ನು ಒಬ್ಬರೇ ಅಂದುಕೊಂಡು, ಆ ಒಬ್ಬರೇ ನೂರಾ ಹತ್ತು ವರ್ಷ ಬದುಕಿದ್ದರು ಅಂತ ನಾನೇ ಎಷ್ಟೋ ದಿನ ನಂಬಿದ್ದೆ.

ಮತ್ತೆ, ನಿಮ್ಮೂರಿಗೆ ಹೆಳವರು ಬರುತ್ತಾರಾ? ಮನೆಮನೆಗೆ ಬಂದು ತಲೆಮಾರುಗಳನ್ನು ಹೆಸರು ಹಿಡಿದು ಹೇಳುವವರು, ಹೊಸ ಮಕ್ಕಳ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವವರು. ಕೈಗೆ ಕಾಳು ಕೊಟ್ಟು ಕಳಿಸಬೇಡಿ. ಕೂರಿಸಿ, ಊಟಕ್ಕೆ ಹಾಕಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದಿರಿ ಅಂತಲೂ ಕೇಳಿ. ಅದನ್ನು ಯಾವ ಟೆಸ್ಟೂ ಹೇಳೋದಿಲ್ಲ. ಅವರ ಸಾಲಿನಲ್ಲಿ ಹೆಚ್ಚಾಗಿ ಗಂಡುಮಕ್ಕಳೇ ಬರುತ್ತಾರೆ, ಹೆಣ್ಣುಮಕ್ಕಳನ್ನು ನೀವೇ ಹುಡುಕಬೇಕು.

ಪ್ರಶ್ನೆ: ಅಜ್ಜಿಗೆ 88. ಅವರದೊಂದು ಡಿಎನ್‌ಎ ಮಾಡಿಸೋಣ ಅಂದರೆ ‘ಉಗುಳು ಊರೂರು ತಿರುಗೋದು ಬೇಡ’ ಅಂತಾರೆ. ಹೇಗೆ ಒಪ್ಪಿಸೋದು? — ಮೈಸೂರು

ಒಪ್ಪಿಸಬೇಡಿ. ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿದೆ? 2023ರಲ್ಲಿ ಡಿಎನ್‌ಎ ಕಿಟ್ ಮಾರುವ ಅಮೆರಿಕದ 23ಆಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗಿರಾಕಿಗಳ ಮಾಹಿತಿ ಕಳ್ಳರ ಪಾಲಾಯಿತು. 2025ರ ಮಾರ್ಚಿನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು, ಡಿಎನ್‌ಎಯನ್ನು ಆಗೋದಿಲ್ಲ, ಮತ್ತೆ ಅದರಲ್ಲಿ ಅರ್ಧ ಅವರ ಮಕ್ಕಳದೂ ಹೌದು. ಅಜ್ಜಿಯ ತಮ್ಮಂದಿರು ಯಾರಾದರೂ ಇದ್ದು, ಅವರೇ ಮನಸ್ಸು ಮಾಡಿ ಕೊಟ್ಟರೆ ಅಜ್ಜಿಯ ತಾಯಿ ಕಡೆಯ ಸಾಲು ಅಲ್ಲೂ ಸಿಗುತ್ತದೆ. ಅಜ್ಜಿ ಹತ್ತಿರ ಮಧ್ಯಾಹ್ನ ಎಲೆಅಡಿಕೆ ಹೊತ್ತಿಗೆ ಕೂತು ಬೇರೆಯದೇ ಕೇಳಿ: ತವರಿನಲ್ಲಿ ನಿಮ್ಮನ್ನು ಏನಂತ ಕರೀತಿದ್ರು, ಮದುವೆಯಲ್ಲಿ ಹೆಸರು ಬದಲಾಯಿಸಿದ್ರಾ, ನಿಮ್ಮ ಅಮ್ಮನ ತವರು ಯಾವ ಊರು?